ಕೆಳಗಿನಿಂದ ಕಾಣುವ ಕಸೂತಿ

ಜೇನುಮೇಣದ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. ಹೋದ ತಿಂಗಳು ವೆಸ್ಟ್ ಕೊವಿನಾದ ಮಾಲಿನಲ್ಲಿ ಮೇಣದಬತ್ತಿ ಮಾರುವ ಅಂಗಡಿಯ ಮುಂದೆ ಹೀಗೇ ಆಯಿತು. ನಾಲ್ಕು ವರ್ಷದ ಮಗಳು ನೇಹಾ ಐಸ್‌ಕ್ರೀಮಿಗೆ ಹಟ ಹಿಡಿದು ಪಕ್ಕದಲ್ಲಿ ನಿಂತಿದ್ದಳು, ಹೊಟ್ಟೆಯಲ್ಲಿ ಯಾರೂ ಇರಲಿಲ್ಲ, ಆದರೂ ಕೈ ಅಲ್ಲಿಗೇ ಹೋಯಿತು. ಮೂರನೆಯ ದಿನಕ್ಕೆ ಸ್ಯಾನ್ ಡಿಯೇಗೊದಿಂದ, ಹಳೆಯ ಹೊಲಿಗೆ ಗುಂಪಿನ ರೋಸ್‌ಮೇರಿಯವರ ಫೋನು ಬಂತು. ಗ್ಲೆನ್ ತೀರಿಕೊಂಡರು, ಶನಿವಾರ ಚರ್ಚಿನಲ್ಲಿ ಅಂತ್ಯಕ್ರಿಯೆ, ನಾವೆಲ್ಲ ಸೇರಿ ಹೊಲಿದ ಆ ಬಟ್ಟೆಯ ಅಂಚಿನಲ್ಲಿ ನೂಲು ಬಿಟ್ಟುಕೊಂಡಿದೆ, ನಿನ್ನ ಹೊಲಿಗೆ ಇಲ್ಲಿ ಯಾರಿಗೂ ಬರುವುದಿಲ್ಲ, ಬರುತ್ತೀಯಾ ಎಂದು ಕೇಳಿದರು. ನಾಲ್ಕೂವರೆ ವರ್ಷ ಆ ಬಟ್ಟೆಯ ಹೆಸರೆತ್ತದೆ ಬದುಕಿದವಳು ನಾನು. ಒಂದು ಕ್ಷಣವೂ ಯೋಚಿಸದೆ ಬರುತ್ತೇನೆ ಅಂದುಬಿಟ್ಟೆ.

ವಾಸನೆ ಮೊದಲು ಬಂದು ಫೋನು ಆಮೇಲೆ ಬಂದದ್ದನ್ನು ಗಂಡ ಪ್ರಸನ್ನನಿಗೆ ಹೇಳಲಿಲ್ಲ. ಹೇಳಿದ್ದರೆ ನಕ್ಕು, ಮಾಲಿಗೆ ಹೋದರೆ ಮೇಣದ ವಾಸನೆ ಬರದೆ ಇನ್ನೇನು ಬರುತ್ತೆ ಅನ್ನುತ್ತಿದ್ದ. ಅವನು ಬೆಂಗಳೂರಿನವನು, ಟೆಲಿಕಾಂ ಎಂಜಿನಿಯರು. ಸಿಗ್ನಲ್ ಎಲ್ಲಿಂದ ಬಂತು ಎಂದು ತೋರಿಸದಿದ್ದರೆ ನಂಬುವವನಲ್ಲ.

೨೦೦೩ರಲ್ಲಿ ನಾವಿನ್ನೂ ಸ್ಯಾನ್ ಡಿಯೇಗೊದಲ್ಲಿ ಇದ್ದೆವು. ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆ, ಒಂದೇ ಕಾರು, ಅದೂ ಅವನ ಆಫೀಸಿಗೆ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಲೈಸೆನ್ಸೂ ಇರಲಿಲ್ಲ. ಹಿಂದಿನ ವರ್ಷ ಎಂಟು ತಿಂಗಳು ತುಂಬಿದ್ದ ಹೆಣ್ಣುಮಗು ಹೊಟ್ಟೆಯಲ್ಲೇ ಹೋಗಿತ್ತು. ನೋಡುತ್ತೀಯಾ ಎಂದು ನರ್ಸು ಕೇಳಿದಾಗ ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಪ್ರಸನ್ನ ಕಾಗದಗಳಿಗೆ ಸಹಿ ಹಾಕಿದ. ಮಿಕ್ಕದ್ದನ್ನು ಆಸ್ಪತ್ರೆಯವರು ನೋಡಿಕೊಂಡರು. ಅವಳಿಗೆ ಏನು ಹೊದಿಸಿದರು, ಹೊದಿಸಿದರೋ ಇಲ್ಲವೋ, ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮನೆಗೆ ಬಂದ ಮೇಲೆ ನಾವಿಬ್ಬರೂ ಬಹಳ ಮರ್ಯಾದೆಯಿಂದ ಇರತೊಡಗಿದೆವು.

ಜೂನ್ ತಿಂಗಳಲ್ಲಿ, ಜಕರಂಡಾ ಹೂವಿನ ನೇರಳೆ ಕಸ ಕಾಲುದಾರಿಯ ತುಂಬ ಬಿದ್ದಿದ್ದಾಗ, ಮತ್ತೆ ತಿಂಗಳು ನಿಂತಿತು. ಮನೆಯಲ್ಲಿ ಒಬ್ಬಳೇ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ದಿನಾ ನಡೆಯುತ್ತಿದ್ದೆ. ಹಾಗೆ ನಡೆಯುವಾಗ ಸಿಕ್ಕಿದ್ದು ಆ ಚರ್ಚು. ಬಾಗಿಲಿಗೆ ಕಾಮನಬಿಲ್ಲಿನ ಬಣ್ಣದ ಪಟ್ಟೆ ಬಳಿದಿದ್ದರು. ನಾನು ಅದನ್ನು ಚಿಕ್ಕ ಮಕ್ಕಳ ಶಾಲೆ ಅಂದುಕೊಂಡು ಮೂರು ದಿನ ತಲೆತಗ್ಗಿಸಿ ದಾಟಿಹೋಗಿದ್ದೆ. ನಾಲ್ಕನೆಯ ದಿನ ಬೋರ್ಡು ಓದಿದೆ. ಎಪಿಸ್ಕೋಪಲ್ ಪಂಥದ ಚರ್ಚು, ಗುರುವಾರ ಬೆಳಿಗ್ಗೆ ಹೊಲಿಗೆ ಗುಂಪು, ಯಾರು ಬೇಕಾದರೂ ಬರಬಹುದು.

ಯಾರು ಬೇಕಾದರೂ ಎಂದು ಬೋರ್ಡಿನಲ್ಲಿ ಎಲ್ಲರೂ ಬರೆಯುತ್ತಾರೆ, ಇವರು ಅದನ್ನು ನಡೆಸುತ್ತಿದ್ದರು. ಪಾದ್ರಿ ಹೆಂಗಸು. ಮನೆಯವರು ಹೊರಗೆ ಹಾಕಿದವರು, ಬೇರೆ ಚರ್ಚುಗಳಲ್ಲಿ ಬೇಡ ಅನ್ನಿಸಿಕೊಂಡವರು, ಗಂಡಸಿನ ಜೊತೆ ಸಂಸಾರ ಮಾಡುವ ಗಂಡಸರು, ಹೀಗೆ ಬಂದು ಸೇರಿದವರೇ ಬಹಳ. ನಾನು ಯಾವ ದೇವರ ಕಡೆಯವಳು ಎಂದು ಒಬ್ಬರೂ ಕೇಳಲಿಲ್ಲ, ಸೂಜಿ ಹಿಡಿಯಲು ಬರುತ್ತದೆಯೇ ಎಂದಷ್ಟೇ ಕೇಳಿದರು. ಗುಂಪಿನ ಯಜಮಾನಿಕೆ ರೋಸ್‌ಮೇರಿಯವರದ್ದು, ನಿವೃತ್ತ ಟೀಚರು, ದೊಡ್ಡ ದನಿ. ಗ್ಲೆನ್ ಎಂಬ ಹಿರಿಯರು ಕಾಫಿ ಮಾಡಿಕೊಟ್ಟು, ಹಾವರ್ಡ್‌ಗೆ ಹುಷಾರಿಲ್ಲ ಎಂದು ಚರ್ಚಿನ ಹಿಂದೆಯೇ ಇದ್ದ ತಮ್ಮ ಮನೆಗೆ ಬೇಗ ಹೊರಡುತ್ತಿದ್ದರು. ಹಾವರ್ಡ್ ಅಂದರೆ ಅಣ್ಣನಿರಬೇಕು ಅಂದುಕೊಂಡು ನಾನು ವಾರವಾರವೂ ನಿಮ್ಮ ಅಣ್ಣ ಹೇಗಿದ್ದಾರೆ ಎಂದು ವಿಚಾರಿಸುತ್ತಿದ್ದೆ. ಅವರು ನಕ್ಕು, ಪರವಾಗಿಲ್ಲ ಎನ್ನುತ್ತಿದ್ದರು. ಅದು ಮೂವತ್ತು ವರ್ಷದ ಸಂಸಾರ ಎಂದು ರೋಸ್‌ಮೇರಿ ಒಂದು ದಿನ ನನ್ನ ಕಿವಿಯಲ್ಲಿ ಹೇಳಿದಾಗ ನಾಚಿಕೆಯಿಂದ ಭೂಮಿಗೆ ಇಳಿದುಹೋದೆ.

ಗುಂಪಿನ ಕೆಲಸ ಒಂದು ದೊಡ್ಡ ಬಿಳಿ ಬಟ್ಟೆ. ದಪ್ಪ ಲಿನನ್, ಒಂದು ಮಂಚಕ್ಕೆ ಹೊದಿಸುವಷ್ಟು ಅಗಲ. ಅದನ್ನು ಸೊಂಟದೆತ್ತರದ ಮರದ ಚೌಕಟ್ಟಿಗೆ ಬಿಗಿದು ಹಿಂದಿನ ಹಾಲಿನಲ್ಲಿ ಮಲಗಿಸಿದ್ದರು. ಚರ್ಚಿನ ಪ್ರತಿಯೊಬ್ಬರೂ ತಮ್ಮ ಪಾಲಿಗೊಂದು ಗುರುತನ್ನು ಅದರಲ್ಲಿ ಹೊಲಿಯಬೇಕು. ಗ್ಲೆನ್ ಪರವಾಗಿ ಯಾರೋ ಲಂಗರು ಹಾಕಿದ್ದರು. ಮೀನು, ದ್ರಾಕ್ಷಿ ಬಳ್ಳಿ, ತನ್ನ ಎದೆ ಕುಕ್ಕಿ ಮರಿಗೆ ರಕ್ತ ಕುಡಿಸುವ ಉದ್ದ ಕೊಕ್ಕಿನ ಹಕ್ಕಿ, ಫಿಲಿಪೀನ್ಸಿನ ಒಬ್ಬಾಕೆಯ ಮಲ್ಲಿಗೆ. ಇದು ಏತಕ್ಕೆ ಎಂದು ನಾನು ಕೇಳಲಿಲ್ಲ. ಹೊಸಬಳು, ಕೇಳಿದರೆ ದಡ್ಡಿ ಅಂದುಕೊಂಡಾರು ಎಂಬ ನಮ್ಮವರ ಬಿಗುಮಾನ. ಬಟ್ಟೆ ಬಿಳಿ, ಗೋಡೆಯ ತುಂಬ ಬಿಳಿ ಅಂಗಿ ತೊಟ್ಟ ಕೂಸುಗಳಿಗೆ ನೀರು ಹಾಕಿ ಹೆಸರಿಡುವ ಫೋಟೊ. ಜ್ಞಾನಸ್ನಾನದ ದಿನ ಹಾಸುವ ಬಟ್ಟೆ ಎಂದು ನಾನೇ ತೀರ್ಮಾನಿಸಿದೆ. ನನ್ನ ಹೊಟ್ಟೆಯ ಸುದ್ದಿ ಯಾರಿಗೂ ಹೇಳದೆ ಒಂದು ತೊಟ್ಟಿಲು ಹಾಕತೊಡಗಿದೆ.

ನಾನು ಧಾರವಾಡದವಳು. ಕಸೂತಿ ಕಲಿಸಿದ್ದು ನಮ್ಮ ಅವ್ವನ ತಾಯಿ, ಗಂಗವ್ವಜ್ಜಿ. ಕಸೂತಿಗೆ ಪೆನ್ಸಿಲ್ ಗುರುತಿಲ್ಲ, ಎಳೆ ಎಣಿಸಿಯೇ ಸೂಜಿ ಹಾಕಬೇಕು. ಎಲ್ಲೂ ಗಂಟು ಹಾಕುವಂತಿಲ್ಲ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕಿಕೊಂಡು ಹೋಗಿ, ಬರುವಾಗ ಬಿಟ್ಟ ಜಾಗಗಳನ್ನು ತುಂಬಿಕೊಂಡು ಹೊರಟಲ್ಲಿಗೇ ಬರಬೇಕು. ಹಾಗೆ ಬಂದರೆ ಬಟ್ಟೆಯ ಹಿಂದೂ ಮುಂದೂ ಒಂದೇ ಚಿತ್ರ. ಹಿಂಭಾಗ ನೋಡಿಯೇ ಅಜ್ಜಿ ಶಹಬ್ಬಾಸ್ ಅನ್ನುತ್ತಿದ್ದದ್ದು. ರೋಸ್‌ಮೇರಿ ಹಿಂದಿನಿಂದ ಒಳಪದರ ಹೊಲಿಯೋಣ ಅಂದಾಗ, ನನ್ನ ಕೆಲಸಕ್ಕೆ ಒಳಪದರ ಬೇಕಿಲ್ಲ ಎಂದು ಜಂಬದಿಂದಲೇ ಹೇಳಿದೆ. ಯಾಕೋ ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ಸರಿ, ಹಾಗೇ ಬಿಡೋಣ ಎಂದರು.

ಜುಲೈ ಕೊನೆಯ ಒಂದು ಗುರುವಾರ ತೊಟ್ಟಿಲಿನ ಒಂದು ಸಾಲನ್ನು ಅರ್ಧಕ್ಕೆ ಬಿಟ್ಟು ಬಂದೆ. ಹೋಗುವ ಹೊಲಿಗೆ ಮುಗಿದಿತ್ತು, ಬರುವ ಹೊಲಿಗೆ ಬಾಕಿ. ಮುಂದಿನ ವಾರ ಹೋಗಿ ನೋಡಿದರೆ ಬಿಟ್ಟ ಜಾಗಗಳೆಲ್ಲ ತುಂಬಿದ್ದವು. ಅದೇ ನೀಲಿ ನೂಲು, ನಾನು ಚುಚ್ಚಿಟ್ಟಿದ್ದ ಅದೇ ಸೂಜಿ. ನಾನೇ ಮಾಡಿ ಮರೆತಿರಬೇಕು, ಬಸುರಿಯ ಮರೆವು ಅಂದುಕೊಂಡೆ. ಅದರ ಮುಂದಿನ ವಾರವೂ ಹಾಗೇ. ಯಾರು ಮಾಡಿದ್ದು ಎಂದು ಕೇಳಿದರೆ ಗುಂಪಿನಲ್ಲಿ ಎಲ್ಲರೂ ತಲೆಯಾಡಿಸಿದರು. ಆ ಹೊಲಿಗೆಯ ಲೆಕ್ಕವೇ ತಮಗೆ ತಿಳಿಯುವುದಿಲ್ಲ ಎಂದರು. ಆಗ ಒಂದು ಪರೀಕ್ಷೆ ಮಾಡಿದೆ. ಬೇಕೆಂದೇ ಒಂದು ಎಳೆ ತಪ್ಪಿ ಎಣಿಸಿ ಸಾಲು ಹಾಕಿ ಬಂದೆ. ಮುಂದಿನ ಗುರುವಾರ ಆ ತಪ್ಪನ್ನು ಬಿಚ್ಚಿ, ಸರಿಯಾಗಿ ಎಣಿಸಿ, ಹೋಗಿ ಬಂದು ಮುಗಿಸಿತ್ತು ಆ ಕೈ. ಚಿಕ್ಕಂದಿನಲ್ಲಿ ನಾನು ಶಾಲೆಗೆ ಹೋದಾಗ ಗಂಗವ್ವಜ್ಜಿ ಮಾಡುತ್ತಿದ್ದದ್ದು ಇದನ್ನೇ. ಬೈಯುತ್ತಿರಲಿಲ್ಲ, ಬಿಚ್ಚಿ ಸರಿಮಾಡಿ ಇಡುತ್ತಿದ್ದಳು. ಅಜ್ಜಿ ಸತ್ತು ಹದಿನಾಲ್ಕು ವರ್ಷವಾಗಿತ್ತು.

ಹೆದರಿಕೆಯಾಯಿತೇ ಎಂದರೆ, ಆಯಿತು. ಆದರೆ ಹೆದರಿಕೆಗಿಂತ ಹೆಚ್ಚು ಸಂತೋಷವಾಯಿತು, ಅದೇ ನನಗೆ ಈಗ ವಿಚಿತ್ರ ಕಾಣುತ್ತದೆ. ಗುರುವಾರಕ್ಕಾಗಿ ಕಾಯತೊಡಗಿದೆ. ನೂಲನ್ನು ಜೇನುಮೇಣದ ಉಂಡೆಗೆ ಉಜ್ಜಿ, ಆ ಕೈಗೆ ಸುಲಭವಾಗಲಿ ಎಂದು ಉದ್ದ ಬಿಟ್ಟು, ಸೂಜಿ ಚುಚ್ಚಿಟ್ಟು ಬರುತ್ತಿದ್ದೆ. ಈ ಮಗುವನ್ನು ಯಾರೋ ಕಾಯುತ್ತಿದ್ದಾರೆ ಎಂದು ಒಳಗೊಳಗೇ ನಂಬಿಬಿಟ್ಟಿದ್ದೆ.

ಅಕ್ಟೋಬರಿನಲ್ಲಿ ಬಾಣಂತನಕ್ಕೆಂದು ಅವ್ವ ಧಾರವಾಡದಿಂದ ಬಂದಳು. ಅವಳು ಬಂದ ಹೊಸತರಲ್ಲೇ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಎದ್ದು, ಪೂರ್ವದ ಬೆಟ್ಟಗಳಿಗೆ ಬೆಂಕಿ ಬಿತ್ತು. ನಮ್ಮ ಏರಿಯಾಕ್ಕೆ ಬೆಂಕಿ ಬರಲಿಲ್ಲ, ಬೂದಿ ಬಂತು. ಕಾರುಗಳ ಮೇಲೆ, ಬಾಲ್ಕನಿಯ ತುಳಸಿಯ ಮೇಲೆ, ಒಣಗಹಾಕಿದ ಅವ್ವನ ಇಳಕಲ್ಲ ಸೀರೆಯ ಮೇಲೆ. ಮಧ್ಯಾಹ್ನ ಮೂರಕ್ಕೆ ಬೀದಿ ದೀಪ ಹತ್ತಿಕೊಳ್ಳುತ್ತಿದ್ದವು, ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬಹುದಿತ್ತು. ಹಕ್ಕಿಗಳ ಸದ್ದು ನಿಂತುಹೋಗಿತ್ತು. ಮನೆ ಬಿಟ್ಟು ಬಂದವರಿಗೆ ಚರ್ಚಿನಲ್ಲಿ ಜಾಗ ಕೊಟ್ಟಿದ್ದಾರೆ ಎಂದು ತಿಳಿದು, ಮೂಗಿಗೆ ಸೆರಗು ಕಟ್ಟಿಕೊಂಡು, ಅವ್ವ ಮಾಡಿದ ಚಪಾತಿ ಹಿಡಿದು ಹೋದೆ.

ಮುಂದಿನ ಹಾಲಿನಲ್ಲಿ ಜನ, ಮಂಚ, ನಾಯಿಗಳು. ಚಪಾತಿ ಕೊಟ್ಟು, ಬಟ್ಟೆಯ ಮೇಲೆ ಬೂದಿ ಬಿದ್ದಿದೆಯೋ ಏನೋ ಎಂದು ಹಿಂದಿನ ಹಾಲಿಗೆ ಬಂದೆ. ಕರೆಂಟ್ ಇರಲಿಲ್ಲ. ಕಿಟಕಿಯಿಂದ ಕಿತ್ತಳೆ ಬಣ್ಣದ ಬೆಳಕು ಬಿದ್ದು ಬಿಳಿ ಬಟ್ಟೆ ಕಾವಿಯಾಗಿತ್ತು. ಯಾರೂ ಇರಲಿಲ್ಲ. ನಾನು ನೋಡುತ್ತಿದ್ದಂತೆ ತೊಟ್ಟಿಲಿನ ಹತ್ತಿರ ಬಟ್ಟೆ ಒಂದಿಷ್ಟು ಉಬ್ಬಿತು. ಸೂಜಿಯ ಮೊನೆ ಮೇಲೆ ಬಂತು. ಕೈಯಿಲ್ಲ, ಬರೀ ಸೂಜಿ. ಅರ್ಧದಷ್ಟು ಮೇಲೆದ್ದು, ತಡೆದು, ವಾಲಿ, ನಾಲ್ಕು ಎಳೆ ದಾಟಿ ಮತ್ತೆ ಒಳಗೆ ಇಳಿಯಿತು. ನೂಲು ಸುಯ್ ಎಂದು ಹಿಂದೆಯೇ ಹೋಯಿತು. ನನ್ನ ಬಾಯಿಂದ ಅಜ್ಜಿ ಎಂಬ ಮಾತು ಬಂತು.

ಚೌಕಟ್ಟಿನ ಕೆಳಗಿನಿಂದ ಕೆಮ್ಮು ಕೇಳಿಸಿತು. ಬಗ್ಗಿ ನೋಡಿದೆ. ಬೂದಿಗೆ ಮುಖಗವಸು ಕಟ್ಟಿಕೊಂಡು ಒಬ್ಬ ಮುದುಕ ನೆಲದ ಮೇಲೆ ಹಾಸಿಗೆ ಹಾಸಿ ಅಂಗಾತ ಮಲಗಿದ್ದ. ಮೈಮೇಲೆ ಮಾಂಸವೇ ಇರಲಿಲ್ಲ. ಬಲಗೈಯಲ್ಲಿ ನನ್ನ ಸೂಜಿ ಇತ್ತು.

ಅವರೇ ಹಾವರ್ಡ್. ಮಾತಾಡಿದ್ದು ಇಂಗ್ಲಿಷಿನಲ್ಲಿ; ಇಷ್ಟು ವರ್ಷ ಒಳಗೇ ಉರುಳಿ ಉರುಳಿ ಈಗ ನನಗೆ ಅದು ಕನ್ನಡದಲ್ಲೇ ಕೇಳಿಸುತ್ತದೆ. ಬೆನ್ನು ನೋವು ಕೂರಲು ಬಿಡುವುದಿಲ್ಲವಂತೆ, ಗ್ಲೆನ್ ಬಳಿಯಿರುವ ಕೀಲಿಯಿಂದ ಬಾಗಿಲು ತೆಗೆಸಿಕೊಂಡು ಮಧ್ಯಾಹ್ನಗಳಲ್ಲಿ ಬರುತ್ತಿದ್ದರಂತೆ. ಅವರ ತಾಯಿ ಚರ್ಚಿನ ಬಟ್ಟೆಗಳಿಗೆ ಕರಿನೂಲಿನಲ್ಲಿ ಇಂಥದೇ ಹೋಗಿಬರುವ ಹೊಲಿಗೆ ಹಾಕುತ್ತಿದ್ದರಂತೆ. ಗ್ಲೆನ್‌ಗೂ ಗುಟ್ಟಾಗಿಡಲು ಹೇಳಿದ್ದರಂತೆ. ಮೇಲೆ ಕೂತವರಿಗೆ ಕಾಣದಂತೆ ಕೆಳಗಿನಿಂದ ಯಾಕೆ ಹೊಲಿಯುತ್ತೀರಿ ಎಂದು ಕೇಳಿದೆ.

"ಮೇಲಿನ ಕಡೆಯನ್ನು ನೀವೆಲ್ಲ ನೋಡ್ತೀರಿ," ಅಂದರು. "ಈ ಕಡೆಯಿಂದ ನೋಡೋನು ನಾನು. ಮೊದಲನೆಯವನು ನಾನೇ."

ನನಗೆ ಅರ್ಥವಾಗದ್ದು ಕಂಡು ಅವರೇ ಬಿಡಿಸಿ ಹೇಳಿದಾಗ ತಿಳಿಯಿತು. ಅದು ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಗೆ ಹೊದಿಸಿ, ಹೂಳುವ ಮೊದಲು ತೆಗೆದಿಡುವ ಬಟ್ಟೆ. ಒಳಗಿರುವವನು ಯಾರೇ ಆಗಿರಲಿ, ಪೆಟ್ಟಿಗೆ ಎಂಥದೇ ಇರಲಿ, ಎಲ್ಲರಿಗೂ ಇದೊಂದೇ ಹೊದಿಕೆ; ಜ್ಞಾನಸ್ನಾನಕ್ಕೆ ತೊಡಿಸಿದ ಬಿಳಿಯ ನೆನಪಿಗೆ ಬಿಳಿ. ಹಾವರ್ಡ್‌ಗೆ ಉಳಿದದ್ದು ಕೆಲವು ವಾರ, ಅಷ್ಟರಲ್ಲಿ ಮುಗಿಯಬೇಕೆಂದು ಎಲ್ಲರೂ ಹೊಲಿಯುತ್ತಿದ್ದರು. ಗೊತ್ತಿರದವಳು ನಾನೊಬ್ಬಳೇ. ಆರು ತಿಂಗಳ ಹೊಟ್ಟೆ ಹೊತ್ತು, ಹೆಣದ ಬಟ್ಟೆಯ ಮೇಲೆ ತೊಟ್ಟಿಲು ಕಟ್ಟಿದ್ದೆ. ಬೂದಿಯಲ್ಲೇ ಮನೆಗೆ ಓಡಿದೆ.

ಅವ್ವನ ಹತ್ತಿರ ಮುಚ್ಚಿಡಲು ಆಗಲಿಲ್ಲ. ಅವಳು ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟಳು.

"ಹೆಣದ ಮ್ಯಾಲ ಹೊಚ್ಚೋ ಅರಿವ್ಯಾಗ ತೊಟ್ಟಲಾ ಹಾಕೀಯೇನ? ಹೋಗಿ ಬಿಚ್ಚಿ ಬಾ. ಒಂದ ಎಳಿನೂ ಉಳೀಬಾರದು."

ಮರುದಿನ ಬೆಳಗಿನಿಂದ ಮಗು ಅಲುಗಲಿಲ್ಲ. ಸಕ್ಕರೆ ನೀರು ಕುಡಿದೆ, ಮಗ್ಗುಲಾಗಿ ಮಲಗಿದೆ, ಏನೂ ಇಲ್ಲ. ಹೋದ ಸಲವೂ ಹೀಗೇ ಶುರುವಾಗಿತ್ತು. ಪ್ರಸನ್ನ ಆಫೀಸಿನಿಂದ ಬಂದು, ಬೂದಿ ಒರೆಸದ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಹೊಟ್ಟೆಗೆ ಬೆಲ್ಟು ಕಟ್ಟಿ, ಬಹಳ ಹೊತ್ತು ಹುಡುಕಿದ ಮೇಲೆ ಎದೆಬಡಿತ ಸಿಕ್ಕಿತು. ಎಲ್ಲ ಸರಿಯಿದೆ ಎಂದು ಡಾಕ್ಟರು ಹೇಳಿದರು. ನನಗೆ ನಂಬಿಕೆ ಬರಲಿಲ್ಲ. ಬಟ್ಟೆಯಲ್ಲಿ ಆ ತೊಟ್ಟಿಲು ಇರುವವರೆಗೆ ಈ ಮಗು ನನ್ನದಲ್ಲ ಎಂದು ಮನಸ್ಸು ಹಟ ಹಿಡಿದಿತ್ತು.

ಬೆಂಕಿ ಆರಿದ ಮೇಲಿನ ವಾರ ಸಣ್ಣ ಕತ್ತರಿ ಚೀಲದಲ್ಲಿ ಹಾಕಿಕೊಂಡು ಮಧ್ಯಾಹ್ನವೇ ಹೋದೆ. ಹಾವರ್ಡ್ ಕೆಳಗೆ ಮಲಗಿದ್ದರು, ಸೂಜಿ ಎದೆಯ ಮೇಲಿತ್ತು, ಹೊಲಿಯುತ್ತಿರಲಿಲ್ಲ. ನಾನು ಬಸುರಿ, ಇದು ನನಗೆ ಗೊತ್ತಿರಲಿಲ್ಲ, ಬಿಚ್ಚುತ್ತೇನೆ, ಕ್ಷಮಿಸಿ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ವಾದಿಸಲಿಲ್ಲ. ನಿನ್ನ ಹೊಲಿಗೆಯಲ್ಲಿ ನನ್ನದು ಹೆಣೆದುಕೊಂಡಿದೆ, ಮೊದಲು ನಾನು ಕೆಳಗಿನಿಂದ ನನ್ನದು ಬಿಚ್ಚುತ್ತೇನೆ, ಆಮೇಲೆ ನಿನ್ನದು ಸಲೀಸಾಗಿ ಬರುತ್ತದೆ ಎಂದರು. ನಾನು ಮೇಲೆ ನಿಂತು ನೋಡಿದೆ. ನೂಲು ಒಂದೊಂದೇ ಒಳಗೆ ಜಾರಿ ಮಾಯವಾಯಿತು. ಅವರ ಕೈ ನಡುಗುತ್ತಿದ್ದದ್ದು ಬಟ್ಟೆಯಲ್ಲೇ ತಿಳಿಯುತ್ತಿತ್ತು. ನೂಲು ಹೋದ ಜಾಗದಲ್ಲಿ ಸೂಜಿಯ ತೂತುಗಳು ಉಳಿದವು, ಖಾಲಿ ತೂತುಗಳು, ಸಾಲಾಗಿ. ಅವನ್ನು ನೋಡಿದ್ದೇ ನನಗೆ ತಡೆಯಲಾಗಲಿಲ್ಲ. ನಿಲ್ಲಿಸಿ ಅಂದೆ.

ಅಲ್ಲೇ ನೆಲದ ಮೇಲೆ ಕೂತು, ಪ್ರಸನ್ನನಿಗೂ ಹೇಳದ್ದನ್ನು ಆ ಅಪರಿಚಿತನಿಗೆ ಹೇಳಿದೆ. ಗೋಡೆಯ ಕಡೆ ತಿರುಗಿದ್ದು ಹೇಳಿದೆ. ಏನು ಹೊದಿಸಿದರೋ ಗೊತ್ತಿಲ್ಲ ಎಂದು ಹೇಳಿದೆ. ಅವರು ಬಟ್ಟೆಯನ್ನೇ ನೋಡುತ್ತ ಕೇಳಿಸಿಕೊಂಡರು. ಹೆಸರು ಏನಿಡಬೇಕೆಂದಿದ್ದೆ ಎಂದು ಕೇಳಿದರು. ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅಜ್ಜಿಯ ಹೆಸರು, ಗಂಗಾ ಎಂದೆ. ನಿಮ್ಮ ಲಿಪಿಯಲ್ಲಿ ಬರೆದುಕೊಡು ಎಂದರು. ಭಾನುವಾರದ ಪೂಜೆಯ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಟ್ಟೆ. ಬಹಳ ಹೊತ್ತು ನೋಡಿ, ಮಡಿಸಿ ಅಂಗಿಯ ಜೇಬಿಗಿಟ್ಟರು.

"ಹಾಗಾದ್ರೆ ಈ ತೊಟ್ಟಿಲು ಹುಟ್ಟೋ ಮಗೂದಲ್ಲ," ಅಂದರು. "ಬಿಚ್ಚೋದು ಬಿಡೋದು ನಿನಗೆ ಸೇರಿದ್ದು."

ಅವರು ಬಿಚ್ಚಿದ್ದ ಜಾಗಗಳನ್ನು ನಾನೇ ಮತ್ತೆ ತುಂಬಿದೆ. ಮನೆಗೆ ಬಂದು ಅವ್ವನಿಗೆ ಬಿಚ್ಚಿದೆ ಎಂದು ಸುಳ್ಳು ಹೇಳಿದೆ. ಆಮೇಲಿನ ತಿಂಗಳುಗಳು ಹೇಗೆ ಕಳೆದವೆಂದು ನನಗೇ ಗೊತ್ತು. ಏನಾದರೂ ಆದರೆ ಅದು ನನ್ನ ಸುಳ್ಳಿನಿಂದಲೇ ಆದದ್ದು ಎಂದುಕೊಂಡು ದಿನಕ್ಕೆ ನೂರು ಸಲ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಕೈಯಲ್ಲಿ ಜೇನುಮೇಣದ ವಾಸನೆ ಹೋಗಿರಲಿಲ್ಲ.

ಕ್ರಿಸ್‌ಮಸ್ಸಿಗೆ ಮುಂಚೆ ಹಾವರ್ಡ್ ಹೋದರು. ಬಸುರಿ ಸಾವಿನ ಮನೆಗೆ ಹೋಗಬಾರದು ಎಂದು ಅವ್ವ ಹೇಳಿದಳು. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಿತ್ತು, ಅವ್ವನ ಮೇಲೆ ಹಾಕಿ ತಪ್ಪಿಸಿಕೊಂಡೆ. ಗ್ಲೆನ್‌ಗೆ ಒಂದು ಕಾರ್ಡು ಕಳಿಸಿದೆ, ಅಷ್ಟೇ. ಜನವರಿ ಕೊನೆಯಲ್ಲಿ ನೇಹಾ ಹುಟ್ಟಿ, ಹುಟ್ಟಿದ ಕೂಡಲೇ ಅತ್ತಳು. ಅದೇ ವರ್ಷ ಪ್ರಸನ್ನನಿಗೆ ಕೆಲಸ ಬದಲಾಗಿ ವೆಸ್ಟ್ ಕೊವಿನಾ ಪಕ್ಕದ ಡೈಮಂಡ್ ಬಾರ್ ಎಂಬ ಊರಿಗೆ ಬಂದೆವು. ಆ ಚರ್ಚಿನ ಕಡೆ ತಿರುಗಿ ನೋಡಲಿಲ್ಲ.

ಗ್ಲೆನ್ ಅಂತ್ಯಕ್ರಿಯೆಯ ಹಿಂದಿನ ದಿನ, ಶುಕ್ರವಾರ, ನೇಹಾಳನ್ನು ಹಿಂದೆ ಕೂರಿಸಿಕೊಂಡು ನಾನೇ ಡ್ರೈವ್ ಮಾಡಿಕೊಂಡು ಹೋದೆ. ಬಾಗಿಲಿನ ಪಟ್ಟೆಗಳು ಬಿಸಿಲಿಗೆ ಮಂಕಾಗಿದ್ದವು. ರೋಸ್‌ಮೇರಿಯವರಿಗೆ ಕೋಲು ಬಂದಿತ್ತು, ದನಿ ಮಾತ್ರ ಹಾಗೇ. ಹಿಂದಿನ ಹಾಲಿನಲ್ಲಿ ಬಟ್ಟೆಯನ್ನು ಮತ್ತೆ ಚೌಕಟ್ಟಿಗೆ ಬಿಗಿದಿಟ್ಟಿದ್ದರು. ನಾಲ್ಕು ವರ್ಷದಲ್ಲಿ ಅದರ ಕೆಳಗೆ ಹನ್ನೊಂದು ಜನ ಮಲಗಿ ಹೋಗಿದ್ದಾರೆ ಎಂದು ಹೇಳಿ ಅವರು ಕಾಫಿ ಮಾಡಲು ಹೋದರು. ನನ್ನ ತೊಟ್ಟಿಲು ಹಾಗೇ ಇತ್ತು. ನೂಲು ಬಿಟ್ಟಿದ್ದದ್ದು ಅಂಚಿನ ಬಳ್ಳಿಯಲ್ಲಿ. ನೂಲಿಗೆ ಮೇಣ ಉಜ್ಜಿ, ಎಳೆ ಎಣಿಸುತ್ತ ಕೂತೆ.

ನೇಹಾ ಸ್ವಲ್ಪ ಹೊತ್ತು ಹಾಲಿನಲ್ಲಿ ಓಡಾಡಿ, ಬೇಜಾರಾಗಿ ಚೌಕಟ್ಟಿನ ಕೆಳಗೆ ನುಸುಳಿದಳು. ಗೂಡು ಸಿಕ್ಕಂತೆ ಅಲ್ಲೇ ಏನೋ ಹಾಡಿಕೊಳ್ಳುತ್ತಿದ್ದಳು. ಆಮೇಲೆ ಹಾಡು ನಿಂತಿತು. ಎಲ್ಲಿದ್ದೀಯ ಎಂದು ಕರೆದೆ. ತೊಟ್ಟಿಲಿನ ಹತ್ತಿರ ಬಟ್ಟೆ ಒಂದಿಷ್ಟು ಉಬ್ಬಿತು. ನನ್ನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಕೆಳಗಿನಿಂದ ಒಂದು ಸಣ್ಣ ಬೆರಳು ತೊಟ್ಟಿಲನ್ನು ಒತ್ತುತ್ತಿತ್ತು.

"ಅಮ್ಮಾ, ದೇರ್ ಈಸ್ ರೈಟಿಂಗ್ ಹಿಯರ್," ಅಂದಳು. "ಲೈಕ್ ಅವರ್ ಕಿಚನ್ ಕ್ಯಾಲೆಂಡರ್."

ನಮ್ಮ ಅಡುಗೆಮನೆಯಲ್ಲಿ ಅವ್ವ ಕಳಿಸಿದ ಕನ್ನಡ ಕ್ಯಾಲೆಂಡರ್ ಇದೆ. ಮೇಲೆ ತೊಟ್ಟಿಲಿನ ಒಳಗೆ ಏನೂ ಇರಲಿಲ್ಲ, ಬರೀ ಬಿಳಿ. ಸೂಜಿ ಚುಚ್ಚಿಟ್ಟು, ನೆಲಕ್ಕೆ ಇಳಿದು, ಹಾವರ್ಡ್ ಮಲಗುತ್ತಿದ್ದ ಜಾಗದಲ್ಲಿ ಅವಳ ಪಕ್ಕ ಅಂಗಾತ ಮಲಗಿದೆ. ಬೆಳಕು ಬಟ್ಟೆಯಿಂದ ಸೋಸಿ ಬರುತ್ತಿತ್ತು. ಬೇರೆಯವರ ಮೀನು, ಲಂಗರು, ಹಕ್ಕಿಗಳ ಗಂಟುಗಳೆಲ್ಲ ಈ ಕಡೆ ಜೋತಾಡುತ್ತಿದ್ದವು. ನನ್ನ ತೊಟ್ಟಿಲು ಮೇಲಿದ್ದಂತೆಯೇ ಇತ್ತು. ಅದರ ಒಳಗೆ, ಮೇಲಕ್ಕೆ ಒಂದೆಳೆಯೂ ಹಾಯದಂತೆ ದಪ್ಪ ಬಟ್ಟೆಯ ಅರ್ಧವನ್ನಷ್ಟೇ ಸೂಜಿಯಲ್ಲಿ ಎತ್ತಿ ಎತ್ತಿ, ಯಾರೋ ಎರಡು ಅಕ್ಷರ ಹೊಲಿದಿದ್ದರು. ನಮ್ಮ ಅಕ್ಷರದ ದುಂಡು ಗೊತ್ತಿಲ್ಲದ ಕೈ. ಎಲ್ಲ ಮೂಲೆಮೂಲೆಯಾಗಿತ್ತು, ಸೊನ್ನೆ ಚೌಕವಾಗಿತ್ತು. ಕೊನೆಯ ಹೊಲಿಗೆಗಳು ಬಹಳ ನಡುಗಿದ್ದವು. ಗಂಗಾ ಎಂದಿತ್ತು.

ಕ್ರಿಸ್‌ಮಸ್ಸಿಗೆ ಮುಂಚಿನ ಆ ದಿನಗಳಲ್ಲಿ, ಬಟ್ಟೆ ತನ್ನ ಮೇಲೆ ಬರುವ ಮೊದಲು ಅವರು ಇದನ್ನು ಮುಗಿಸಿದ್ದರು. ನಾನು ಒಂದು ಹೂವಿಡಲೂ ಹೋಗಿರಲಿಲ್ಲ. ಅಳು ಬಂತು, ತಡೆಯಲಿಲ್ಲ.

"ಹೂ ಈಸ್ ದಟ್?" ಎಂದು ನೇಹಾ ಕೇಳಿದಳು.

"ನಿನ್ನ ಅಕ್ಕ," ಅಂದೆ. "ಗಂಗಾ."

ಕನ್ನಡದಲ್ಲಿ ಏನು ಹೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಮೆಲ್ಲಗೆ ಗಂಗಕ್ಕ ಅಂದಳು. ಹಾಗೆ ಹೆಸರಿಗೆ ಅಕ್ಕ ಸೇರಿಸುವುದನ್ನು ಊರಿನಲ್ಲಿ ಯಾರು ಕಲಿಸಿದ್ದರೋ, ಅವ್ವ ಫೋನಿನಲ್ಲಿ ಅನ್ನುವುದು ಕೇಳಿದ್ದಳೋ, ಗೊತ್ತಿಲ್ಲ. ಹೊರಗೆ ರೋಸ್‌ಮೇರಿಯವರ ಕೋಲಿನ ಸದ್ದು ಹತ್ತಿರ ಬಂದು, ಬಾಗಿಲಲ್ಲಿ ನಿಂತು, ಹಿಂದಕ್ಕೆ ಹೋಯಿತು. ಕಾಫಿ ಆರುವವರೆಗೂ ನಾವು ಮೂವರೂ ಆ ಬಟ್ಟೆಯ ಕೆಳಗೆ ಮಲಗಿದ್ದೆವು.